ಚೀನಾದಲ್ಲಿ ಹಳೆಯದು ಯಾವುದು?

(ಗ್ರಂಥಾಲಯವೊಂದರ ವಾರಾಂತ್ಯದ ಕಾರ್ಯಕ್ರಮದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಚೀನಾ ಪ್ರವಾಸದ ಬಗ್ಗೆ ಮಾತಾಡಿ ಅಂದರು, ಒಪ್ಪಿಕೊಂಡೆ. ಆದರೆ ಸ್ಲೈಡ್ ಹಾಕಿ ಇದು ಮಹಾಗೋಡೆ, ಇದು ಅರಮನೆ ಅಂತ ತೋರಿಸುತ್ತಾ ಹೋಗುವುದಿಲ್ಲ. ಆ ಫೋಟೊಗಳು ನಿಮ್ಮ ಮೊಬೈಲಿನಲ್ಲೇ ಬೇಕಾದಷ್ಟು ಸಿಗುತ್ತವೆ. ನಾನು ಒಂದು ಪ್ರಶ್ನೆ ಹಿಡಿದುಕೊಂಡು ಹೊರಡುತ್ತೇನೆ. ನಮ್ಮ ಕಡೆಯ ಪ್ರವಾಸಿಗಳು ಅಲ್ಲಿನ ಯಾವ ಹಳೇ ಕಟ್ಟಡದ ಮುಂದೆ ನಿಂತರೂ ಗೈಡನ್ನು ಕೇಳುವ ಪ್ರಶ್ನೆ ಅದು: "ಇದು ಒರಿಜಿನಲ್ಲಾ, ಆಮೇಲೆ ಕಟ್ಟಿದ್ದಾ?"

ಹೆಚ್ಚಿನ ಸಲ "ಆಮೇಲೆ ಕಟ್ಟಿದ್ದು" ಅನ್ನೋ ಉತ್ತರವೇ ಬರುತ್ತದೆ. ಕೇಳಿದವರ ಮುಖ ಸಪ್ಪಗಾಗುತ್ತದೆ. ಇಷ್ಟು ದುಡ್ಡು ಖರ್ಚು ಮಾಡಿ ಬಂದು ಡೂಪ್ಲಿಕೇಟ್ ನೋಡಿದೆವಲ್ಲಾ ಅನ್ನೋ ಬೇಜಾರು. ಆ ಬೇಜಾರು ಬೇಡ ಅನ್ನೋದು ನನ್ನ ಮಾತು. ಚೀನಾದ ಕಥೆಯಲ್ಲಿ ಅರ್ಧ ಇರುವುದೇ ಆ 'ಆಮೇಲೆ'ಯಲ್ಲಿ. ಯಾವಾಗ ಸುಟ್ಟಿತು, ಯಾರು ಕೆಡವಿದರು, ಯಾರು ಮತ್ತೆ ಎಬ್ಬಿಸಿದರು, ಯಾವುದನ್ನು ಬೇಕಂತಲೇ ಹಾಳು ಬಿಟ್ಟರು ಅಂತ ಕೇಳಿಕೊಂಡು ಹೋದರೆ ಅದೇ ಊರುಗಳು ಬೇರೆ ಥರ ಕಾಣುತ್ತವೆ.

ಬಾದಾಮಿ, ಐಹೊಳೆ, ಬೇಲೂರು ನೋಡಿ ಬೆಳೆದ ಕಣ್ಣು ನಮ್ಮದು. ನಮಗೆ ಹಳೆಯದು ಅಂದರೆ ಅಂದು ಉಳಿ ತಾಗಿದ ಅದೇ ಕಲ್ಲು. ಚೀನಾದವರು ಅರಮನೆ, ಗುಡಿ ಎಲ್ಲವನ್ನೂ ಹೆಚ್ಚಾಗಿ ಮರದಲ್ಲಿ ಕಟ್ಟಿದರು. ಕಲ್ಲಿನ ಜಗಲಿ, ಅದರ ಮೇಲೆ ಮರದ ಕಂಬ, ತೊಲೆ, ಚಾವಣಿಯ ಭಾರ ಹೊರುವ ಬೋದಿಗೆಗಳು, ಮೇಲೆ ಹೆಂಚು. ಮರ ಅಂದ ಮೇಲೆ ಬೆಂಕಿ, ಸಿಡಿಲು, ಗೆದ್ದಲು ಇದ್ದದ್ದೇ ಅಲ್ವಾ. ಮೈಸೂರಿನ ಹಳೇ ಮರದ ಅರಮನೆ 1897ರಲ್ಲಿ ಸುಟ್ಟಿದ್ದು ನಿಮಗೆ ಗೊತ್ತೇ ಇದೆ. ಅಂಥದ್ದು ಅಲ್ಲಿ ನೂರಾರು ವರ್ಷ ಮತ್ತೆ ಮತ್ತೆ ನಡೆಯಿತು.

ಬೀಜಿಂಗ್‌ನ ನಿಷೇಧಿತ ನಗರವನ್ನೇ ತಗೊಳ್ಳಿ. ಮಿಂಗ್ ವಂಶದ ಯೋಂಗ್‌ಲ ಚಕ್ರವರ್ತಿ 1406ರಲ್ಲಿ ಶುರು ಮಾಡಿಸಿ 1420ಕ್ಕೆ ಮುಗಿಸಿದ ಅರಮನೆ. ಸುಮಾರು 72 ಹೆಕ್ಟೇರ್ ಜಾಗ. 1421ರ ಹೊಸ ವರ್ಷಕ್ಕೆ ದೊಡ್ಡ ದರ್ಬಾರು ನಡೆಯಿತು. ಕೆಲವೇ ತಿಂಗಳಲ್ಲಿ ಸಿಡಿಲು ಬಡಿದು ಮುಖ್ಯವಾದ ಮೂರು ಸಭಾಮಂಟಪಗಳೂ ಸುಟ್ಟುಹೋದವು. ಮತ್ತೆ ಕಟ್ಟಿದರು. ಮತ್ತೆ ಸುಟ್ಟವು. ಇವತ್ತು ನಾವು ನೋಡುವ ದೊಡ್ಡ ಸಭಾಮಂಟಪ, ಸಿಂಹಾಸನ ಇರುವುದು, 1690ರ ದಶಕದಲ್ಲಿ ಚಿಂಗ್ ವಂಶದ ಕಾಂಗ್‌ಶಿ ಕಟ್ಟಿಸಿದ್ದು. ಮಿಂಗರ ಕಾಲದಲ್ಲಿ ನೈರುತ್ಯದ ಕಾಡುಗಳಿಂದ ನಾನ್ಮು ಅನ್ನೋ ಮರದ ಭಾರಿ ದಿಮ್ಮಿಗಳನ್ನು ನದಿಯಲ್ಲಿ ತೇಲಿಸಿ ತರುತ್ತಿದ್ದರು. ಕಾಂಗ್‌ಶಿ ಹೊತ್ತಿಗೆ ಅಷ್ಟು ದಪ್ಪದ ಮರ ಸಿಗುವುದು ಕಷ್ಟವಾಗಿತ್ತು. ಈಶಾನ್ಯದ ಪೈನ್ ಮರದಲ್ಲೇ ಕೆಲಸ ನಡೆಸಿದರು. ಇಷ್ಟು ಗೊತ್ತಿದ್ದರೆ ಕಂಬ ನೋಡುವಾಗ ಹಿಂದಿನ ಕಾಡೂ ಕಣ್ಣಿಗೆ ಬರುತ್ತದೆ.

ಅರಮನೆಯ ಅಂಗಳಗಳಲ್ಲಿ ದೊಡ್ಡ ದೊಡ್ಡ ಲೋಹದ ಹಂಡೆಗಳಿವೆ. ಎಲ್ಲರೂ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಬೆಂಕಿ ಆರಿಸಲು ನೀರು ತುಂಬಿಟ್ಟಿದ್ದ ಹಂಡೆಗಳು ಅವು. ಬೀಜಿಂಗ್‌ನ ಚಳಿಗೆ ನೀರು ಹೆಪ್ಪುಗಟ್ಟಬಾರದು ಅಂತ ಅದರ ಕೆಳಗೆ ಕೆಂಡ ಹಾಕಿಡುತ್ತಿದ್ದರು. ಬೆಂಕಿ ಆರಿಸುವ ನೀರಿಗೆ ಬೆಂಕಿಯದೇ ಕಾವಲು! ಚಿನ್ನದ ಲೇಪ ಇದ್ದ ಹಂಡೆಗಳ ಮೈಮೇಲೆ ಕೆರೆದ ಗುರುತು ಕಾಣುತ್ತದೆ. ಅದು ವಿದೇಶಿ ಸೈನಿಕರು ಕತ್ತಿಯಿಂದ ಚಿನ್ನ ಹೆರೆದ ಗುರುತು ಅಂತ ಗೈಡುಗಳು ಹೇಳುತ್ತಾರೆ.

ಹಾಗಾದರೆ ಅಲ್ಲಿ ಹಳೆಯದು ಯಾವುದು? ನಕ್ಷೆ. ಊರಿನ ನಟ್ಟನಡುವೆ ತೆಂಕಣದಿಂದ ಬಡಗಣಕ್ಕೆ ನೂಲು ಹಿಡಿದಂತೆ ಒಂದು ಗೆರೆ, ಸುಮಾರು 7.8 ಕಿಲೋಮೀಟರ್. ದ್ವಾರ, ಅರಮನೆ, ಗುಡ್ಡ, ನಗಾರಿ ಗೋಪುರ ಎಲ್ಲ ಅದರ ಮೇಲೇ ಕೂತಿವೆ. 2024ರಲ್ಲಿ ಯುನೆಸ್ಕೊ ಈ ಗೆರೆಯನ್ನೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದನ್ನು ನೋಡಬೇಕಾದರೆ ಅರಮನೆಯ ಉತ್ತರದ ಬಾಗಿಲಿಂದ ಹೊರಗೆ ಬಂದು ಎದುರಿನ ಜಿಂಗ್‌ಶಾನ್ ಗುಡ್ಡ ಹತ್ತಿ. ಅರಮನೆಯ ಕಂದಕ ತೋಡಿದ ಮಣ್ಣಿನಿಂದ ಮಾಡಿದ ಗುಡ್ಡ. ಕಾಲು ನೋಯುತ್ತದೆ ಅಂತ ಜಾಸ್ತಿ ಜನ ಇದನ್ನು ಬಿಟ್ಟುಬಿಡುತ್ತಾರೆ. ಬಿಡಬೇಡಿ. ಅಲ್ಲಿಂದ ಹಳದಿ ಹೆಂಚಿನ ಚಾವಣಿಗಳು ಸಾಲುಸಾಲಾಗಿ ಕಾಣುತ್ತವೆ. ಮಿಂಗ್ ವಂಶದ ಕೊನೆಯ ಚಕ್ರವರ್ತಿ 1644ರಲ್ಲಿ ಇದೇ ಗುಡ್ಡದಲ್ಲಿ ಮರಕ್ಕೆ ನೇಣು ಹಾಕಿಕೊಂಡ. ಆ ಮರಕ್ಕೆ ಒಂದು ಬೋರ್ಡಿದೆ, ಸುತ್ತ ಕಟಕಟೆ ಇದೆ. ಮರ ಮಾತ್ರ ಇತ್ತೀಚೆಗೆ ತಂದು ನೆಟ್ಟದ್ದು! ಚೀನಾದಲ್ಲಿ ಮರಕ್ಕೂ ಜೀರ್ಣೋದ್ಧಾರ.

ಮಹಾಗೋಡೆಯ ವಿಷಯ ಬೇಗ ಮುಗಿಸುತ್ತೇನೆ. ಪೋಸ್ಟರುಗಳಲ್ಲಿ ಕಾಣುವ ಬಾದಾಲಿಂಗ್ ಭಾಗವನ್ನು 1950ರ ದಶಕದಲ್ಲಿ ರಿಪೇರಿ ಮಾಡಿ ಜನರಿಗೆ ತೆರೆದರು. ಅಲ್ಲಿ ಜನವೋ ಜನ. ಮುಟಿಯಾನ್ಯು ಸ್ವಲ್ಪ ವಾಸಿ. ಜಿನ್‌ಶಾನ್‌ಲಿಂಗ್ ದೂರ, ಆದರೆ ರಿಪೇರಿಯಾದ ಗೋಡೆ ಹೇಗೆ ನಿಧಾನವಾಗಿ ರಿಪೇರಿ ಆಗದ ಗೋಡೆಯಾಗುತ್ತದೆ ಅಂತ ಅಲ್ಲಿ ಕಣ್ಣಾರೆ ಕಾಣುತ್ತದೆ. ಎಲ್ಲ ವಂಶಗಳ ಗೋಡೆಗಳನ್ನೂ ಸೇರಿಸಿ 21,196 ಕಿಲೋಮೀಟರ್ ಅಂತ 2012ರಲ್ಲಿ ಅಲ್ಲಿನ ಸರ್ಕಾರ ಪ್ರಕಟಿಸಿತು. ನಾವು ಹೋಗಿ ನಿಲ್ಲುವ ಇಟ್ಟಿಗೆ ಗೋಡೆ ಮಿಂಗರದು. ಮಿಂಗರ ಕಾಲದ ಗಾರೆಯಲ್ಲಿ ಸುಣ್ಣದ ಜೊತೆ ಅಂಟು ಜಾಸ್ತಿ ಇರುವ ಅಕ್ಕಿಯ ಗಂಜಿ ಬೆರೆಸುತ್ತಿದ್ದರು. ನಮ್ಮಲ್ಲಿ ಗಾರೆಗೆ ಬೆಲ್ಲ ಬೆರೆಸುತ್ತಿದ್ದರಲ್ಲ, ಹಾಗೆ. ಚಂದ್ರನಿಂದ ಗೋಡೆ ಕಾಣುತ್ತದೆ ಅನ್ನೋದು ಸುಳ್ಳು. ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೇ 2003ರಲ್ಲಿ ಭೂಮಿ ಸುತ್ತಿ ಬಂದು, ನನಗೆ ಕಾಣಲಿಲ್ಲ ಅಂತ ಹೇಳಿಬಿಟ್ಟರು.

ಗೋಡೆ ನೋಡುವ ಆಸೆ ಇದ್ದವರಿಗೆ ನಾನು ನಾನ್‌ಜಿಂಗ್ ಊರಿನ ಕೋಟೆಯನ್ನೂ ಹೇಳುತ್ತೇನೆ. ಹದಿನಾಲ್ಕನೇ ಶತಮಾನದ್ದು. 35 ಕಿಲೋಮೀಟರ್ ಇದ್ದದ್ದು, ಸುಮಾರು 25 ಕಿಲೋಮೀಟರ್ ಉಳಿದಿದೆ. ಅಲ್ಲಿ ಇಟ್ಟಿಗೆಗಳ ಮಗ್ಗುಲು ನೋಡಿ. ಯಾವ ಜಿಲ್ಲೆಯಿಂದ ಬಂತು, ಅಧಿಕಾರಿ ಯಾರು, ಗೂಡಿನವನು ಯಾರು, ಇಟ್ಟಿಗೆ ಹೊಯ್ದವನು ಯಾರು ಅಂತ ಹೆಸರು ಒತ್ತಿದ್ದಾರೆ. ಇಟ್ಟಿಗೆ ಕಳಪೆಯಾದರೆ ಯಾರನ್ನು ಹಿಡಿಯಬೇಕು ಅಂತ ಗೊತ್ತಾಗಲಿ ಅಂತ ಈ ಏರ್ಪಾಡು. ನಮ್ಮ ರಸ್ತೆ ಕಂಟ್ರಾಕ್ಟರುಗಳಿಗೆ ಇದನ್ನು ತೋರಿಸಬೇಕು ಅನ್ನಿಸಿತು.

ಬೀಜಿಂಗ್ ಸುತ್ತಲೂ ಇಂಥದ್ದೇ ಕೋಟೆ ಇತ್ತು. ಈಗ ಇಲ್ಲ. ಇಲ್ಲಿ ಇಬ್ಬರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಲಿಯಾಂಗ್ ಸಿಚೆಂಗ್ ಮತ್ತು ಅವರ ಹೆಂಡತಿ ಲಿನ್ ಹುಯಿಯಿನ್. ಇಬ್ಬರೂ ಅಮೆರಿಕದಲ್ಲಿ ಓದಿ ಬಂದವರು. 1924ರಲ್ಲಿ ರವೀಂದ್ರನಾಥ ಠಾಗೋರರು ಚೀನಾಕ್ಕೆ ಹೋದಾಗ ಅವರ ಜೊತೆ ಓಡಾಡಿದ ಚುರುಕು ಹುಡುಗಿ ಈ ಲಿನ್. ಗುರುದೇವರ ನಾಟಕದಲ್ಲಿ ಅವರೆದುರೇ ಪಾತ್ರ ಮಾಡಿದ್ದರು. 1930ರ ದಶಕದಲ್ಲಿ ಗಂಡ ಹೆಂಡತಿ ಹಳ್ಳಿ ಹಳ್ಳಿ ಸುತ್ತಿ ಹಳೇ ಗುಡಿಗಳನ್ನು ಅಳೆದರು, ಚಿತ್ರ ಬರೆದರು. ತಾಂಗ್ ವಂಶದ ಕಾಲದ, ಅಂದರೆ ಏಳರಿಂದ ಹತ್ತನೇ ಶತಮಾನದ, ಮರದ ಕಟ್ಟಡ ಚೀನಾದಲ್ಲಿ ಒಂದೂ ಉಳಿದಿಲ್ಲ, ನೋಡಬೇಕಾದರೆ ಜಪಾನಿನ ನಾರಾಕ್ಕೆ ಬನ್ನಿ ಅಂತ ಜಪಾನಿನ ವಿದ್ವಾಂಸರು ಹೇಳುತ್ತಿದ್ದ ಕಾಲ. ಈ ಮಾತು ಇವರಿಗೆ ಚುಚ್ಚಿತ್ತು.

ವಾಯವ್ಯ ಚೀನಾದ ದುನ್‌ಹುವಾಂಗ್‌ನ ಒಂದು ಗುಹೆಯ ಗೋಡೆಯ ಮೇಲೆ, ಬೌದ್ಧರ ಯಾತ್ರಾಸ್ಥಳವಾದ ವುತಾಯ್ ಬೆಟ್ಟಸಾಲಿನ ದೊಡ್ಡ ಚಿತ್ರ ಇದೆ. ಯಾವ ಗುಡಿ ಎಲ್ಲಿದೆ ಅಂತ ಹೆಸರು ಸಮೇತ ಬರೆದ ಯಾತ್ರಿಕರ ನಕ್ಷೆ ಇದ್ದ ಹಾಗೆ. ಅದರ ಪ್ರಕಟವಾದ ಫೋಟೊಗಳಲ್ಲಿ ಫೋಗುವಾಂಗ್ ಅನ್ನೋ ಗುಡಿ ಇವರ ಕಣ್ಣಿಗೆ ಬಿತ್ತು. ಜಾತ್ರೆ, ದುಡ್ಡು ಎಲ್ಲ ಇರುವ ಗುಡಿಗಳನ್ನು ಭಕ್ತರು ಪದೇ ಪದೇ ಹೊಸದಾಗಿ ಕಟ್ಟಿರುತ್ತಾರೆ, ದಾರಿ ತಪ್ಪಿದ ಮೂಲೆಯ ಬಡ ಗುಡಿಯೇ ಉಳಿದಿರಬೇಕು ಅನ್ನೋದು ಇವರ ಲೆಕ್ಕ. 1937ರ ಬೇಸಿಗೆಯಲ್ಲಿ ಹೇಸರಗತ್ತೆಗಳ ಮೇಲೆ ಹೊರಟು ಹುಡುಕಿಕೊಂಡು ಹೋದರು. ಗುಡಿ ಇತ್ತು! ಚಾವಣಿಯ ಒಳಗೆ ತೆವಳಿಕೊಂಡು ಹತ್ತಿದರೆ ಸಾವಿರಾರು ಬಾವಲಿ, ತಿಗಣೆ, ಮೂಗಿಗೆ ಏರುವ ಧೂಳು. ಕಟ್ಟಿದ ರೀತಿ ನೋಡಿದರೆ ತಾಂಗರದ್ದೇ. ಆದರೆ ಪುರಾವೆ ಬೇಕಲ್ಲ? ಲಿನ್ ಅವರಿಗೆ ದೂರದ್ದು ಚೆನ್ನಾಗಿ ಕಾಣುತ್ತಿತ್ತು. ಕೆಳಗೆ ನಿಂತಿದ್ದ ಅವರಿಗೇ ಎತ್ತರದ ತೊಲೆಯ ಮೇಲೆ ಮಸುಕಾದ ಮಸಿಯ ಅಕ್ಷರಗಳು ಕಂಡವು. ತೊಳೆದು ಓದಿದಾಗ ದಾನ ಕೊಟ್ಟ ಒಬ್ಬ ಹೆಂಗಸಿನ ಹೆಸರು ಸಿಕ್ಕಿತು, ನಿಂಗ್ ಗೋಂಗ್‌ಯು ಅಂತ. ಹೊರಗಿನ ಕಲ್ಲಿನ ಕಂಬದ ಮೇಲೂ ಅದೇ ಹೆಸರು. ಕಂಬದ ಮೇಲೆ ಇಸವಿಯೂ ಇತ್ತು. ನಮ್ಮ ಲೆಕ್ಕದಲ್ಲಿ ಕ್ರಿ.ಶ. 857. ಗುಡಿಯೊಳಗೆ ಮೂಲೆಯಲ್ಲಿ ಸುಮ್ನೆ ಕೂತಿದ್ದ ಸಾಮಾನ್ಯ ಹೆಂಗಸಿನ ಮೂರ್ತಿ ಆಕೆಯದೇ ಅಂತ ಆಗ ಗೊತ್ತಾಯಿತು.

ಅದೇ ದಿನಗಳಲ್ಲಿ, ಜುಲೈ 7ರಂದು, ಬೀಜಿಂಗ್ ಹತ್ತಿರ ಜಪಾನಿನ ಜೊತೆ ಯುದ್ಧ ಶುರುವಾಗಿತ್ತು. ಬೆಟ್ಟದಲ್ಲಿದ್ದ ಇವರಿಗೆ ಸುದ್ದಿ ಮುಟ್ಟಿದ್ದು ಎಷ್ಟೋ ದಿನದ ಮೇಲೆ.

ಮುಂದೆ 1950ರಲ್ಲಿ ಲಿಯಾಂಗ್ ಸರ್ಕಾರಕ್ಕೆ ಒಂದು ಸಲಹೆ ಕೊಟ್ಟರು. ಹೊಸ ರಾಜಧಾನಿಯ ಕಚೇರಿಗಳನ್ನು ಹಳೇ ಊರಿನ ಪಶ್ಚಿಮಕ್ಕೆ ಕಟ್ಟಿ, ಹಳೇ ಬೀಜಿಂಗನ್ನು ಹಾಗೇ ಬಿಡಿ. ಕೋಟೆಯ ಮೇಲೆ ಗಿಡ, ಬೆಂಚು ಹಾಕಿ ಜನ ಸಂಜೆ ಕೂರುವ ಪಾರ್ಕ್ ಮಾಡಿ. ಯಾರೂ ಕೇಳಲಿಲ್ಲ. 50, 60ರ ದಶಕಗಳಲ್ಲಿ ಕೋಟೆ ಬಿತ್ತು. ಇವತ್ತು ಎರಡನೇ ಮೆಟ್ರೊ ಲೈನಿನಲ್ಲಿ ಕೂತು ಊರು ಸುತ್ತಿದರೆ ಬಹುಪಾಲು ಆ ಕೋಟೆಯ ಜಾಡಿನಲ್ಲೇ ಸುತ್ತಿದಂತೆ. ಆಗ್ನೇಯ ಮೂಲೆಯ ಬುರುಜು, ಅದರ ಪಕ್ಕದ ಒಂದು ತುಂಡು ಗೋಡೆ ಉಳಿದಿದೆ. ಅದನ್ನು ಸರಿಮಾಡುವಾಗ ಜನ ತಮ್ಮ ಮನೆಗಳಿಗೆ ಒಯ್ದಿದ್ದ ಹಳೇ ಇಟ್ಟಿಗೆಗಳನ್ನು ವಾಪಸ್ ತಂದು ಕೊಟ್ಟರು. ಲಿಯಾಂಗ್ ದಂಪತಿ ಬಾಳಿದ ಮನೆಯನ್ನೂ 2012ರ ಹೊತ್ತಿಗೆ ಕೆಡವಿದರು. ಇದಕ್ಕೆ ನಾನೇನೂ ಸೇರಿಸಬೇಕಿಲ್ಲ.

ಶಿಯಾನ್‌ಗೆ ಬರೋಣ. ಬೀಜಿಂಗಿಂದ ಬುಲೆಟ್ ರೈಲಿನಲ್ಲಿ ನಾಲ್ಕೂವರೆ ಐದು ಗಂಟೆ. ಇಲ್ಲಿನ ಕೋಟೆ ಉಳಿಯಿತು. ಸುತ್ತಳತೆ ಸುಮಾರು 13.7 ಕಿಲೋಮೀಟರ್. ಮೇಲೆ ಸೈಕಲ್ ಬಾಡಿಗೆಗೆ ಸಿಗುತ್ತದೆ. ಲಿಯಾಂಗ್ ಬೀಜಿಂಗ್‌ಗೆ ಬಯಸಿದ್ದು ಹೆಚ್ಚುಕಡಿಮೆ ಇಲ್ಲಿ ಆಗಿದೆ. ಊರಾಚೆ ಮಣ್ಣಿನ ಸೈನಿಕರು. 1974ರಲ್ಲಿ ರೈತರು ಬಾವಿ ತೋಡುವಾಗ ಸಿಕ್ಕಿದ್ದು, ಚಿನ್ ಷಿ ಹುವಾಂಗ್ ಚಕ್ರವರ್ತಿಯ ಸಮಾಧಿಯ ಕಾವಲು ಪಡೆ, 2,200 ವರ್ಷ ಹಳೆಯದು ಅಂತೆಲ್ಲ ನೀವು ಓದಿರುತ್ತೀರಿ. ಅಲ್ಲಿಯೂ ನಮ್ಮ ಪ್ರಶ್ನೆ ಬಿಡುವುದಿಲ್ಲ. ಸೈನಿಕರು ಸಾಲಾಗಿ ನಿಂತೇ ಸಿಕ್ಕಿದ್ದಲ್ಲ. ಬಹುಪಾಲು ಚೂರುಚೂರಾಗಿದ್ದರು. ಒಬ್ಬೊಬ್ಬನನ್ನೂ ತುಂಡು ಹುಡುಕಿ ಜೋಡಿಸಿ ನಿಲ್ಲಿಸಿದ್ದಾರೆ. ಮೊದಲ ಗುಂಡಿಯ ಹಿಂದಿನ ತುದಿಗೆ ಹೋದರೆ ಅರ್ಧ ಜೋಡಿಸಿದವರು, ತಲೆ ಇಲ್ಲದವರು ನಿಂತಿರುತ್ತಾರೆ. ಮುಂಭಾಗದ ನೂಕುನುಗ್ಗಲಿಗಿಂತ ನನಗೆ ಆ ಜಾಗ ಇಷ್ಟ. ಇವರಿಗೆಲ್ಲ ಬಣ್ಣ ಇತ್ತು. ಮಣ್ಣಿಂದ ಹೊರಗೆ ತೆಗೆದು ಗಾಳಿ ತಾಗಿದ ನಿಮಿಷಗಳಲ್ಲೇ ಬಣ್ಣದ ಪದರ ಸುರುಟಿ ಉದುರಿತು. ಚಕ್ರವರ್ತಿಯ ಗೋರಿಯನ್ನು ಇನ್ನೂ ಅಗೆಯದೆ ಬಿಟ್ಟಿರುವುದಕ್ಕೆ ಈ ಪಾಠವೂ ಒಂದು ಕಾರಣ.

ಶಿಯಾನ್‌ನಲ್ಲಿ ಕನ್ನಡಿಗರು ತಪ್ಪದೆ ನೋಡಬೇಕಾದ್ದು ದೊಡ್ಡ ಕಾಡುಬಾತಿನ ಪಗೋಡ. ನಮ್ಮ ಶಾಲೆ ಪುಸ್ತಕದ ಹ್ಯೂಯೆನ್ ತ್ಸಾಂಗ್ ನೆನಪಿದ್ದಾನಲ್ಲ? ಭಾರತವೆಲ್ಲ ಸುತ್ತಿ 645ರಲ್ಲಿ ವಾಪಸಾಗಿ, ತಂದ ಗ್ರಂಥಗಳನ್ನು ಇಡಲು 652ರಲ್ಲಿ ಕಟ್ಟಿಸಿದ್ದು ಇದು. ಅವನು ಬಾದಾಮಿಯ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೂ ಬಂದಿದ್ದ. ರಾಜನ ಹೆಸರು ಬರೆದಿದ್ದಾನೆ. ಇಲ್ಲಿನ ಜನ ಸ್ವಾಭಿಮಾನಿಗಳು, ಉಪಕಾರ ಮಾಡಿದರೆ ಮರೆಯುವುದಿಲ್ಲ, ಅವಮಾನ ಮಾಡಿದರೆ ಬಿಡುವುದಿಲ್ಲ, ಯುದ್ಧಕ್ಕೆ ಮೊದಲು ಆನೆಗಳಿಗೆ ಹೆಂಡ ಕುಡಿಸುತ್ತಾರೆ, ಹರ್ಷನಿಗೂ ಇವರು ಬಗ್ಗಲಿಲ್ಲ ಅನ್ನೋ ಅರ್ಥದಲ್ಲಿ ಬರೆದಿದ್ದಾನೆ. ಐಹೊಳೆಯಲ್ಲಿ ರವಿಕೀರ್ತಿ 634ರಲ್ಲಿ ಹೊಗಳಿ ಕೆತ್ತಿಸಿದ್ದು ಆಸ್ಥಾನದ ಕವಿಯ ಮಾತು. ಹೊರಗಿನವನೊಬ್ಬ ಸಾಕ್ಷಿ ಹೇಳಿದ ಬರಹ ಈ ಊರಲ್ಲಿ ಸಿದ್ಧವಾಯಿತು. ಅಂದ ಹಾಗೆ, ಅವನು ಕಟ್ಟಿಸಿದ ಮೊದಲ ಗೋಪುರ ಶಿಥಿಲವಾಗಿ, ಐವತ್ತು ವರ್ಷದಲ್ಲೇ ಮತ್ತೆ ಕಟ್ಟಬೇಕಾಯಿತು. 1556ರ ದೊಡ್ಡ ಭೂಕಂಪವೂ ಅದನ್ನು ಅಲುಗಾಡಿಸಿತು. ಈಗ ಏಳು ಅಂತಸ್ತು, ಸ್ವಲ್ಪ ವಾಲಿ ನಿಂತಿದೆ. ಸುತ್ತಲಿನ ತಾಂಗ್ ಶೈಲಿಯ ಬೀದಿಗಳೆಲ್ಲ ಹೊಚ್ಚಹೊಸವು. ಸಂಜೆ ಹೋದರೆ ಬಾಡಿಗೆ ಉಡುಪು ತೊಟ್ಟ ತಾಂಗ್ ರಾಣಿಯರು ಕೈಯಲ್ಲಿ ಐಸ್‌ಕ್ರೀಂ ಹಿಡಿದು ಓಡಾಡುತ್ತಿರುತ್ತಾರೆ. ಕೆಲವರಿಗೆ ಇದು ಅತಿ ಅನ್ನಿಸುತ್ತದೆ. ನನಗೆ ಮಜಾ ಅನ್ನಿಸಿತು.

ಇನ್ನು ಹಾಂಗ್‌ಝೌ. ಪಶ್ಚಿಮ ಸರೋವರದ ಊರು. ಒಂದು ಯುವಾನ್ ನೋಟಿನ ಹಿಂದೆ ಇರುವುದು ಇದೇ ಸರೋವರ. ಇದನ್ನೂ ಪ್ರಕೃತಿ ಅಂತ ಪೂರ್ತಿ ನಂಬಬೇಡಿ. ಹೂಳು ತೆಗೆದು ತೆಗೆದು ಉಳಿಸಿಕೊಂಡ ಕೆರೆ. ಹನ್ನೊಂದನೇ ಶತಮಾನದ ಕೊನೆಗೆ ಇಲ್ಲಿ ಅಧಿಕಾರಿಯಾಗಿದ್ದ ಕವಿ ಸು ಶಿ, ತೆಗೆಸಿದ ಹೂಳನ್ನೇ ಒಟ್ಟಿ ಕೆರೆಗೆ ಅಡ್ಡಲಾಗಿ ಉದ್ದನೆಯ ಏರಿ ಮಾಡಿಸಿದ. ಈಗ ಅದರ ಮೇಲೆ ಸಾಲುಮರದಡಿ ಜನ ವಾಕಿಂಗ್ ಹೋಗುತ್ತಾರೆ.

ದಡದ ಮೇಲೆ ಲೇಫೆಂಗ್ ಪಗೋಡ. 970ರ ದಶಕದ್ದು. ಬಿಳಿ ಹಾವಿನ ಹೆಣ್ಣನ್ನು ಅದರ ಕೆಳಗೆ ಸೆರೆ ಇಟ್ಟಿದ್ದಾರೆ ಅಂತ ಊರಿನ ಕಥೆ. ಅದರ ಇಟ್ಟಿಗೆ ಮನೆಯಲ್ಲಿದ್ದರೆ ಒಳ್ಳೆಯದು ಅಂತ ನಂಬಿಕೆ ಬೆಳೆದು, ಜನ ಒಂದೊಂದೇ ಇಟ್ಟಿಗೆ ಕಿತ್ತುಕೊಂಡು ಹೋದರು. 1924ರ ಸೆಪ್ಟೆಂಬರ್‌ನಲ್ಲಿ ಒಂದು ದಿನ ಇಡೀ ಗೋಪುರ ಕುಸಿಯಿತು. ಲೇಖಕ ಲೂ ಶುನ್ ಅದು ಬಿದ್ದಿದ್ದಕ್ಕೆ ಖುಷಿಪಟ್ಟು ಬರೆದರು, ಹಾವಿನ ಹೆಣ್ಣಿಗೆ ಬಿಡುಗಡೆಯಾಯಿತಲ್ಲ ಅಂತ. 2002ರಲ್ಲಿ ಅದೇ ಜಾಗದಲ್ಲಿ ಹೊಸ ಗೋಪುರ ಎದ್ದಿತು. ಉಕ್ಕು, ತಾಮ್ರ, ಒಳಗೆ ಲಿಫ್ಟ್, ಹೊರಗೆ ಎಸ್ಕಲೇಟರ್. "ಅಯ್ಯೋ, ಶಾಪಿಂಗ್ ಮಾಲ್ ಇದ್ದ ಹಾಗಿದೆ" ಅಂತ ಬೇಜಾರಾಗುವವರು ತಳದ ಅಂತಸ್ತಿಗೆ ಇಳಿಯಿರಿ. ಗಾಜಿನ ಹಿಂದೆ ಹಳೇ ಗೋಪುರದ ಇಟ್ಟಿಗೆ ರಾಶಿ ಬಿದ್ದ ಹಾಗೇ ಇದೆ. ಹೊಸ ಗೋಪುರ ಅದಕ್ಕೆ ಹಾಕಿದ ಚಪ್ಪರ ಅಷ್ಟೇ. ಕಟ್ಟುವ ಮುಂಚೆ 2001ರಲ್ಲಿ ಅಗೆದಾಗ ನೆಲಮಾಳಿಗೆಯಲ್ಲಿ ಚಿನ್ನದ ಲೇಪದ ಪುಟ್ಟ ಬೆಳ್ಳಿ ಸ್ತೂಪ ಸಿಕ್ಕಿತು. ಅಂಥ ಸ್ತೂಪಗಳಿಗೆ ಅಲ್ಲಿ ಅಶೋಕನ ಹೆಸರೇ ಇದೆ. ಗೋಪುರ ಕಟ್ಟಿಸಿದ ರಾಜ ಚಿಯಾನ್ ಛು ಅಶೋಕನ ಹಾಗೆ ತಾನೂ 84,000 ಸ್ತೂಪ ಮಾಡಿಸುತ್ತೇನೆ ಅಂತ ಹೊರಟವನು. ಮಸ್ಕಿ, ಬ್ರಹ್ಮಗಿರಿ, ಸನ್ನತಿಯಲ್ಲಿ ಶಾಸನ ಬರೆಸಿದ ಅದೇ ಅಶೋಕ. ಊರಾಚೆಯ ಲಿಂಗ್‌ಯಿನ್ ಗುಡಿಯ ಎದುರು 'ಹಾರಿ ಬಂದ ಬೆಟ್ಟ' ಅಂತ ಇದೆ. ಎಲ್ಲಿಂದ ಹಾರಿ ಬಂತು ಅಂತೀರಾ? ಭಾರತದಿಂದ. ಹಾಗಂತ ಹೇಳಿದ್ದು ನಾಲ್ಕನೇ ಶತಮಾನದಲ್ಲಿ ಅಲ್ಲಿಗೆ ಹೋಗಿದ್ದ ಭಾರತದ ಭಿಕ್ಷು ಹುಯಿಲಿ ಅಂತೆ. ಪರವೂರಲ್ಲಿ ನಮ್ಮೂರಿನ ಬೆಟ್ಟ ಕಾಣೋದು ಆಗಿನ ಕಾಲದಿಂದಲೂ ಇದೆ ಅನ್ನಿ.

ವುಹಾನ್‌ನ ಹಳದಿ ಕೊಕ್ಕರೆ ಗೋಪುರದ ಕಥೆ ಇನ್ನೂ ತಮಾಷೆ. 1884ರಲ್ಲಿ ಸುಟ್ಟಿತು. ಅದರ ಜಾಗವನ್ನು 1957ರಲ್ಲಿ ಯಾಂಗ್ಟ್ಸಿ ಸೇತುವೆ ನುಂಗಿತು. 1985ರಲ್ಲಿ ಸುಮಾರು ಒಂದು ಕಿಲೋಮೀಟರ್ ಆಚೆ ಕಾಂಕ್ರೀಟಿನಲ್ಲಿ ಕಟ್ಟಿದರು. ಜಾಗವೂ ಹಳೆಯದಲ್ಲ, ಮರವೂ ಅಲ್ಲ. ಆದರೂ ಜನ ಕಿಕ್ಕಿರಿಯುತ್ತಾರೆ, ಯಾಕಂದರೆ ಅದರ ಮೇಲಿನ ತಾಂಗ್ ಕಾಲದ ಕವಿತೆ ಅಲ್ಲಿನ ಶಾಲೆ ಮಕ್ಕಳಿಗೂ ಬಾಯಿಪಾಠ. ಸುಝೌನ ತೋಟಗಳು ಚಿಕ್ಕವು, ಚೆಂದವು. ಒಂದರಲ್ಲಿ ಆರಾಮಾಗಿ ಕೂತಿರಿ, ಸಾಕು. ಎಲ್ಲವನ್ನೂ ನೋಡುತ್ತೇನೆ ಅಂತ ಓಡಿದರೆ ಒಂದೂ ತಲೆಯಲ್ಲಿ ಉಳಿಯುವುದಿಲ್ಲ.

ಬೇಕಂತಲೇ ಹಾಳು ಬಿಟ್ಟದ್ದು ಅಂದೆನಲ್ಲ, ಅದು ಬೀಜಿಂಗ್‌ನ ಯುವಾನ್‌ಮಿಂಗ್‌ಯುವಾನ್, ಹಳೆಯ ಬೇಸಿಗೆ ಅರಮನೆ. 1860ರಲ್ಲಿ ಬ್ರಿಟಿಷ್, ಫ್ರೆಂಚ್ ಸೇನೆಗಳು ಲೂಟಿ ಮಾಡಿದವು. ಆಮೇಲೆ ಲಾರ್ಡ್ ಎಲ್ಗಿನ್ ಅಪ್ಪಣೆ ಕೊಟ್ಟು ಸುಡಿಸಿದ. ಅವನ ಅಪ್ಪ ಗ್ರೀಸಿನ ಪಾರ್ಥೆನಾನ್ ಶಿಲ್ಪಗಳನ್ನು ಇಂಗ್ಲೆಂಡಿಗೆ ಸಾಗಿಸಿದವನು. ಮಗ ಆಮೇಲೆ ನಮ್ಮ ವೈಸರಾಯ್ ಆಗಿ ಬಂದು ಧರ್ಮಶಾಲಾದಲ್ಲಿ ಸತ್ತ. ಆ ದಂಡಿನಲ್ಲಿ ಭಾರತದ ಸಿಪಾಯಿಗಳೂ ಇದ್ದರು. ಚೀನಾದವರ ಸೆರೆಯಲ್ಲಿ ಸತ್ತವರಲ್ಲೂ ನಮ್ಮ ಸವಾರರಿದ್ದರು. ಆ ದಂಡಯಾತ್ರೆಗೆ ಹೋದ ಪಡೆಗಳಲ್ಲಿ ಮದ್ರಾಸ್ ಸ್ಯಾಪರ್ಸ್ ಅನ್ನೋ ಸೇನೆಯ ಎಂಜಿನಿಯರ್ ಪಡೆ ಕೂಡ ಒಂದು. ಇವತ್ತು ಅದರ ಕೇಂದ್ರ ಬೆಂಗಳೂರಿನ ಹಲಸೂರು ಕೆರೆ ಪಕ್ಕದಲ್ಲಿದೆ. ಯುವಾನ್‌ಮಿಂಗ್‌ಯುವಾನ್‌ಗೆ ಹೋದಾಗ ಇದು ಮನಸ್ಸಿನಲ್ಲಿರಲಿ. ಮರದ ಮಂಟಪಗಳೆಲ್ಲ ಬೂದಿಯಾದವು. ಯುರೋಪ್ ಶೈಲಿಯ ಕಲ್ಲಿನ ಕಾರಂಜಿ ಮನೆಗಳ ತುಂಡು ಕಂಬಗಳು ಮಾತ್ರ ನಿಂತಿವೆ. ಮತ್ತೆ ಕಟ್ಟಬೇಕೋ ಬೇಡವೋ ಅಂತ ಅಲ್ಲಿ ವರ್ಷಗಟ್ಟಲೆ ವಾದ ನಡೆದಿದೆ. ಎಲ್ಲವನ್ನೂ ಮತ್ತೆ ಕಟ್ಟುವ ದೇಶ ಇದನ್ನು ಹಾಗೇ ಇಟ್ಟುಕೊಂಡಿದೆ. ಶಾಲೆ ಮಕ್ಕಳನ್ನು ಸಾಲುಸಾಲಾಗಿ ಕರೆತಂದು ತೋರಿಸುತ್ತಾರೆ.

ಕೊನೆಯ ಊರು ಚುವಾನ್‌ಝೌ. ತೆಂಕಣದ ಹಳೇ ಬಂದರು. ನಮ್ಮವರು ಹೋಗುವುದು ಕಡಿಮೆ. 1281ರಲ್ಲಿ ಅಲ್ಲಿ ತಮಿಳು ವರ್ತಕರು ಶಿವನ ಗುಡಿ ಕಟ್ಟಿಸಿದರು. ತಮಿಳಿನಲ್ಲೇ ಶಾಸನ ಹಾಕಿಸಿದರು. ಗುಡಿ ಹೋಯಿತು. ಅದರ ಕಲ್ಲುಗಳು ಊರೆಲ್ಲ ಹಂಚಿಹೋದವು. ಕಾಯ್‌ಯುವಾನ್ ಅನ್ನೋ ಬೌದ್ಧ ಗುಡಿಯ ಹಿಂಬದಿಗೆ ಹೋಗಿ ನೋಡಿ. ಹಿಂದೂ ಗುಡಿಯ ಎರಡು ಕಂಬಗಳನ್ನು ತಂದು ನಿಲ್ಲಿಸಿಕೊಂಡಿದ್ದಾರೆ. ಅದರ ಮೇಲೆ ನರಸಿಂಹ ಹಿರಣ್ಯಕಶಿಪುವಿನ ಹೊಟ್ಟೆ ಬಗೆಯುತ್ತಿದ್ದಾನೆ. ಒರಿಜಿನಲ್ ಕಲ್ಲೇ ಬೇಕು ಅನ್ನುವವರಿಗೆ ಇದೋ ಇಲ್ಲಿದೆ, ಬೇರೆಯವರ ಗುಡಿಯಲ್ಲಿ!

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಸೇರಿಸಿದ್ದೇನೆ.

ಯಾವಾಗ ಹೋಗಬೇಕು ಅಂತ ಒಬ್ಬರು ಕೇಳಿದರು. ಏಪ್ರಿಲ್, ಮೇ ಇಲ್ಲವೇ ಅಕ್ಟೋಬರ್ ನಡುವಿನಿಂದ ನವೆಂಬರ್. ಅಕ್ಟೋಬರ್ ಮೊದಲ ವಾರ ಮಾತ್ರ ಖಂಡಿತ ಬೇಡ. ರಾಷ್ಟ್ರೀಯ ರಜೆ, ಇಡೀ ದೇಶ ಪ್ರವಾಸ ಹೊರಟಿರುತ್ತದೆ. 2020ರಲ್ಲಿ ನಿಂತಿದ್ದ ನೇರ ವಿಮಾನಗಳು 2025ರ ಅಕ್ಟೋಬರ್‌ನಲ್ಲಿ ಮತ್ತೆ ಶುರುವಾಗಿವೆ. ನಿಷೇಧಿತ ನಗರಕ್ಕೆ ಪಾಸ್‌ಪೋರ್ಟ್ ನಂಬರ್ ಕೊಟ್ಟು ಮುಂಚಿತವಾಗಿ ಟಿಕೆಟ್ ತಗೊಳ್ಳಬೇಕು. ಸಾಮಾನ್ಯವಾಗಿ ಸೋಮವಾರ ರಜ. ದುಡ್ಡೆಲ್ಲ ಮೊಬೈಲಿನಲ್ಲೇ, ಅಲಿಪೇ ಅಥವಾ ವೀಚಾಟ್. ಹೊರಡುವ ಮುಂಚೆ ಇಲ್ಲೇ ಕಾರ್ಡ್ ಜೋಡಿಸಿಕೊಳ್ಳಿ. ಗೂಗಲ್ ಮ್ಯಾಪ್ ನೆಚ್ಚಿಕೊಂಡು ಹೋಗಬೇಡಿ.

ಸಸ್ಯಾಹಾರಿಗಳ ಗತಿ ಏನು ಅಂತ ಇನ್ನೊಬ್ಬರು. ದೊಡ್ಡ ಬೌದ್ಧ ಗುಡಿಗಳ ಆಸುಪಾಸಿನಲ್ಲಿ ಶುದ್ಧ ಸಸ್ಯಾಹಾರಿ ಊಟದ ಮನೆ ಇರುತ್ತವೆ, ರುಚಿಯೂ ಚೆನ್ನಾಗಿರುತ್ತದೆ. ಬೇರೆ ಕಡೆ, ಮಾಂಸ, ಮೀನು, ಮೊಟ್ಟೆ, ಮಾಂಸದ ಸಾರು ಬೇಡ ಅಂತ ಚೀನೀ ಲಿಪಿಯಲ್ಲಿ ಬರೆಸಿದ ಚೀಟಿ ತೋರಿಸಿ. ಸುಮ್ನೆ 'ವೆಜ್' ಅಂದರೆ ತರಕಾರಿಯ ಮೇಲೆ ಮಾಂಸದ ಚೂರು ಉದುರಿಸಿ ತರುತ್ತಾರೆ. ಚಟ್ನಿಪುಡಿ ಇರಲಿ.

ವಯಸ್ಸಾದ ಅಪ್ಪ ಅಮ್ಮನನ್ನು ಕರ್ಕೊಂಡು ಹೋಗಬಹುದಾ ಅಂತ ಒಬ್ಬ ಹುಡುಗಿ ಕೇಳಿದಳು. ಧಾರಾಳವಾಗಿ ಹೋಗಮ್ಮ. ಮುಟಿಯಾನ್ಯುನಲ್ಲಿ ಗೋಡೆ ತನಕ ಕೇಬಲ್ ಕಾರ್ ಇದೆ. ಲೇಫೆಂಗ್‌ನಲ್ಲಿ ಹೇಗೂ ಲಿಫ್ಟ್ ಇದೆ, ಆಗ ಅದನ್ನು ಬೈಯುವ ಮನಸ್ಸು ಬರುವುದಿಲ್ಲ. ನಿಷೇಧಿತ ನಗರದಲ್ಲಿ ಮಾತ್ರ ದಕ್ಷಿಣದ ಬಾಗಿಲಲ್ಲಿ ಒಳಗೆ ಹೋದ ಮೇಲೆ ತುಂಬಾ ದೂರ ನಡೆಯಲೇಬೇಕು. ಅವತ್ತು ಬೇರೆ ಯಾವ ಪ್ರೋಗ್ರಾಂನೂ ಇಟ್ಟುಕೊಳ್ಳಬೇಡ.